ಗೆರೆಯ ಸೂಜಿ, ನೆರಳಿನ ಸೂಜಿ

ಹಚ್ಚೆ ಎಂಬ ಮಾತನ್ನು ನಾವೆಲ್ಲ ಬಲ್ಲೆವು. ಆ ಮಾತಿನ ಒಡಲಲ್ಲಿ ಒಂದು ಬಣ್ಣ ಅಡಗಿದೆ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ. ಇಂದಿನ ಹಾಲು ಹಳಗನ್ನಡದಲ್ಲಿ ಪಾಲ್. ಇಂದಿನ ಹೂ ಅಂದು ಪೂ. ಅದೇ ದಾರಿಯಲ್ಲಿ ನಡೆದು ಬಂದ ಹಚ್ಚೆ ಮೊದಲು ಪಚ್ಚೆ. ಪಚ್ಚೆಯೆಂದರೆ ಹಸಿರು. ತಮಿಳರು ಇದನ್ನು ಇಂದಿಗೂ ಪಚ್ಚೈ ಕುತ್ತುವುದು ಎನ್ನುತ್ತಾರೆ. ತೆಲುಗರು ಪಚ್ಚಬೊಟ್ಟು ಎನ್ನುತ್ತಾರೆ. ಮೂರು ಭಾಷೆಗಳೂ ಒಂದೇ ಸಾಕ್ಷಿಯನ್ನು ನುಡಿಯುತ್ತಿವೆ. ಸೋಜಿಗವೇನೆಂದರೆ, ಹಚ್ಚೆ ಹೊಯ್ಯುವಾಕೆಯ ಚಿಪ್ಪಿನಲ್ಲಿ ಇರುತ್ತಿದ್ದುದು ಹಸಿರು ಬಣ್ಣವಲ್ಲ. ದೀಪದ ಹೊಗೆಯಿಂದ ಇಳಿಸಿದ ಕಡುಗಪ್ಪು ಮಸಿ.

ಕಪ್ಪು ಹಸಿರಾದುದು ಹೇಗೆ? ಅದು ಬೆಳಕಿನ ಆಟ. ಮಸಿ ಕುಳಿತಿರುವುದು ಚರ್ಮದ ಮೇಲಲ್ಲ, ಒಳಗೆ. ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿಯ ಭಾಗ ಮೇಲುಮೇಲೆಯೇ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ. ಕೆಂಪಿನ ಭಾಗ ಆಳಕ್ಕೆ ಇಳಿದು ಮಸಿಯಲ್ಲಿ ಲೀನವಾಗಿಬಿಡುತ್ತದೆ. ಹಾಗಾಗಿ ಕಪ್ಪು ಗೆರೆ ನೀಲಿಯಾಗಿ, ನಮ್ಮ ಮೈಬಣ್ಣದೊಡನೆ ಕೂಡಿ ಹಸಿರಾಗಿ ತೋರುತ್ತದೆ. ಭೌತಶಾಸ್ತ್ರ ಓದದ ನಮ್ಮ ಹಿರಿಯರು ಕಂಡದ್ದನ್ನು ಕಂಡಂತೆಯೇ ಹೆಸರಿಟ್ಟರು. ಅವರ ಕಣ್ಣು ಸರಿಯಾಗಿಯೇ ಇತ್ತು.

ಈ ಒಂದು ಸಂಗತಿಯಲ್ಲೇ ಹಚ್ಚೆಯ ಕಸುಬಿನ ಗುಟ್ಟೆಲ್ಲ ಅಡಗಿದೆ. ಚರ್ಮದ ಹೊರಪದರ ಸುಮಾರು ತಿಂಗಳಿಗೊಮ್ಮೆ ಸವೆದು ಹೊಸದಾಗುತ್ತದೆ. ಅಲ್ಲಿ ಬಿಟ್ಟ ಮಸಿ ಅದರೊಡನೆಯೇ ಉದುರಿ ಹೋಗುತ್ತದೆ. ಮಸಿ ನಿಲ್ಲಬೇಕಾದರೆ ಸೂಜಿ ಆ ಪದರವನ್ನು ದಾಟಿ, ಒಂದೆರಡು ಮಿಲಿಮೀಟರಿನ ಆಳದಲ್ಲಿರುವ ಒಳಚರ್ಮವನ್ನು ಮುಟ್ಟಬೇಕು. ಅದಕ್ಕೂ ಕೆಳಗೆ ಇಳಿಯಿತೋ, ಮಸಿ ಕೊಬ್ಬಿನ ಪದರದಲ್ಲಿ ಹರಡಿ, ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಗೆರೆ ಕದಡಿಹೋಗುತ್ತದೆ. ಸರಿಯಾದ ಆಳದಲ್ಲಿ ಬಿಟ್ಟ ಮಸಿಯನ್ನು ದೇಹದ ಕಾವಲುಕಣಗಳು ಶತ್ರುವೆಂದು ತಿಳಿದು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಫ್ರಾನ್ಸಿನ ಮಾರ್ಸೇಲ್ಸ್ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ನಡೆಸಿ 2018ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಮಸಿ ನುಂಗಿದ ಕಣ ಸತ್ತರೆ, ಹೊರಬಿದ್ದ ಮಸಿಯನ್ನು ಮತ್ತೊಂದು ಕಣ ನುಂಗಿಕೊಳ್ಳುತ್ತದೆ. ಅಜ್ಜಿಯ ಮುಂಗೈಯ ಮೇಲೆ ಅರವತ್ತು ವರ್ಷ ನಿಂತ ಚೇಳು, ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ಬಂದ ಅಡವಿನ ವಸ್ತುವಿನಂತೆ ಉಳಿದು ಬಂದದ್ದು.

ಹಚ್ಚೆಯ ಚರಿತ್ರೆ ಬಹು ಹಳೆಯದು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕಿದ, ಐದು ಸಾವಿರ ವರ್ಷಕ್ಕೂ ಹಿಂದಿನ ‘ಓಟ್ಜಿ’ ಎಂಬ ಹಿಮಮಾನವನ ಮೈಮೇಲೆ 61 ಗುರುತುಗಳಿವೆ. ಎಲ್ಲವೂ ಗೆರೆಗಳೇ: ಕೆಲವು ಸಾಲುಗೆರೆ, ಕೆಲವು ಅಡ್ಡಗೆರೆಯ ಕತ್ತರಿ. ಚರ್ಮ ಕೊಯ್ದು ಮಸಿ ತಿಕ್ಕಿದ್ದೆಂದು ಬಹುಕಾಲ ತಿಳಿಯಲಾಗಿತ್ತು. ಇಂದಿನ ಹಚ್ಚೆಗಾರರ ನೆರವಿನಿಂದ, ಬದುಕಿರುವ ಮನುಷ್ಯನ ಚರ್ಮದ ಮೇಲೆಯೇ ಬಗೆಬಗೆಯ ಸಾಧನಗಳಿಂದ ಹಚ್ಚೆ ಹಾಕಿ ಹೋಲಿಸಿ ನೋಡಿದ ವಿದ್ವಾಂಸರು, ಅದು ಒಂಟಿ ಮೊನೆಯ ಸಾಧನದಿಂದ ಚುಚ್ಚಿ ಚುಚ್ಚಿ ಮಾಡಿದ್ದಿರಬೇಕೆಂದು 2024ರಲ್ಲಿ ಪ್ರಕಟಿಸಿದರು. ಹೆಚ್ಚು ಕಡಿಮೆ ಅದೇ ಕಾಲದ ಈಜಿಪ್ಟಿನ ಒಂದು ಶವದ ತೋಳಿನ ಮೇಲೆ ಕಾಡುಗೂಳಿಯ ಮತ್ತು ಕಾಡುಕುರಿಯ ಚಿತ್ರಗಳಿರುವುದು ಬ್ರಿಟಿಷ್ ಮ್ಯೂಸಿಯಮ್ಮಿನವರಿಗೆ 2018ರಲ್ಲಿ ಕಂಡಿತು. ಅವಕೆಂಪು ಕಿರಣದ ಕ್ಯಾಮೆರಾ ಹಿಡಿಯುವವರೆಗೆ, ಒಂದು ಶತಮಾನಕ್ಕೂ ಹೆಚ್ಚು ಕಾಲ ಪ್ರದರ್ಶನದಲ್ಲಿದ್ದ ಆ ತೋಳಿನ ಮೇಲಿದ್ದುದು ಬರಿಯ ಕಪ್ಪು ಕಲೆ!

ಆದರೆ ಗೆರೆಗೆ ಒಂದು ಸಾಧನ, ಗೆರೆಯೊಳಗಿನ ಬಯಲನ್ನು ತುಂಬಲು ಬೇರೊಂದು ಸಾಧನ ಎಂಬ ಭೇದವನ್ನು ಮೊದಲಿಗೆ ಸ್ಪಷ್ಟವಾಗಿ ಕಾಣಿಸುವವರು ಪೆಸಿಫಿಕ್ ಸಾಗರದ ದ್ವೀಪದವರು. ಇಂಗ್ಲಿಷಿನ ‘ಟ್ಯಾಟೂ’ ಎಂಬ ಶಬ್ದವೇ ಅವರ ‘ತತೌ’. 1769ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ತಾಹಿತಿಗೆ ಹೋಗಿ ಬಂದ ಮೇಲೆ ಆ ಮಾತು ಯೂರೋಪಿಗೆ ಹಬ್ಬಿತು. ಸಮೋವಾ ದ್ವೀಪದ ಹಚ್ಚೆಗಾರನ ಕೈಯಲ್ಲಿ ಸೂಜಿಯಿಲ್ಲ, ಬಾಚಣಿಗೆಯಿದೆ. ಹಂದಿಯ ಕೋರೆಹಲ್ಲನ್ನು ಉಜ್ಜಿ ಹಲ್ಲುಹಲ್ಲಾಗಿ ಕೊರೆದು, ಆಮೆಯ ಚಿಪ್ಪಿನ ತುಂಡಿಗೆ ಕಟ್ಟಿ, ಅದಕ್ಕೆ ಗುದ್ದಲಿಗೆ ಹಾಕುವಂತೆ ಅಡ್ಡಲಾಗಿ ಹಿಡಿ ಹಾಕಿರುತ್ತಾರೆ. ಬಾಚಣಿಗೆಯನ್ನು ಮಸಿಯಲ್ಲಿ ಅದ್ದಿ, ಚರ್ಮದ ಮೇಲಿಟ್ಟು, ಸಣ್ಣ ಕೋಲಿನಿಂದ ಬಡಿಯುತ್ತಾರೆ. ಇಕ್ಕೆಲದಲ್ಲಿ ಕುಳಿತ ಶಿಷ್ಯರು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲವಾದ ಚರ್ಮದ ಮೇಲೆ ಯಾವ ಗೆರೆಯೂ ನೇರವಾಗಿ ಬಾರದು. ಸಣ್ಣ ಗೆರೆಗೆ ಕಿರಿದಾದ ಬಾಚಣಿಗೆ, ಚುಕ್ಕಿಗೆ ಇನ್ನೂ ಕಿರಿದು. ತೊಡೆಯ ಮೇಲಿನ ವಿಶಾಲವಾದ ಕಪ್ಪು ಬಯಲುಗಳಿಗೆ ‘ಔ ತಾಪುಲು’ ಎಂಬ ಅಗಲವಾದ ಬಾಚಣಿಗೆ. ಇಂದಿನ ಅಂಗಡಿಯ ಲೈನರ್ ಮತ್ತು ಶೇಡರುಗಳ ಮೂಲಪುರುಷರು ಇವೇ. ಟೋಂಗಾದಲ್ಲಿ ಸಿಕ್ಕಿದ, ಸುಮಾರು 2,700 ವರ್ಷಗಳಷ್ಟು ಹಳೆಯದಾದ ಮೂಳೆಯ ಬಾಚಣಿಗೆಗಳನ್ನು 2019ರಲ್ಲಿ ವಿದ್ವಾಂಸರು ಪರೀಕ್ಷಿಸಿದರು. ಅವುಗಳಿಗೂ ಈಚಿನವುಗಳಿಗೂ ಆಕಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ನಮ್ಮಲ್ಲಿ ಹಚ್ಚೆ ಹೊಯ್ಯುವುದು ಹೆಂಗಸರ ಕೈಯ ವಿದ್ಯೆಯಾಗಿತ್ತು. ಕೊರವರು, ಕೊರಮರು, ಕೊರಚರು ಎಂದು ಬೇರೆ ಬೇರೆ ಸೀಮೆಗಳಲ್ಲಿ ಕರೆಯಿಸಿಕೊಳ್ಳುವವರ ಮನೆಯ ಹೆಂಗಸರು, ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರ ಹೆಂಗಸರು ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದರು. ಕಣಿ ಹೇಳುವ ಕೊರವಂಜಿಯನ್ನು ನಾಟಕ ಯಕ್ಷಗಾನಗಳಲ್ಲಿ ನೋಡಿ ನಕ್ಕವರು ಬಹಳ. ಅವಳ ಬುಟ್ಟಿಯಲ್ಲಿದ್ದ ಸೂಜಿಗಳ ಕಡೆಗೆ ನೋಡಿದವರು ಕಡಿಮೆ.

ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಎಂಬಾತ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಈ ಕಸುಬಿನ ವಿವರಗಳನ್ನು ಬರೆದಿಟ್ಟಿದ್ದಾನೆ. ಆತನ ಬೇರೆ ಬರಹಗಳಲ್ಲಿ ಜನರ ಮೂಗು, ತಲೆಗಳನ್ನು ಅಳೆಯುವ ಗೀಳೇ ಹೆಚ್ಚು. ಆದರೆ ಕಸುಬಿನ ವಿಷಯಕ್ಕೆ ಬಂದಾಗ ಕಂಡದ್ದನ್ನು ಚೊಕ್ಕವಾಗಿ ಹೇಳುತ್ತಾನೆ. ಮಸಿ ಮಾಡುವ ಕ್ರಮ ಹೀಗೆ: ಅರಿಸಿನದ ಪುಡಿಯನ್ನೂ ಅಗಸೆ ಮರದ ಸೊಪ್ಪನ್ನೂ ಕೂಡಿಸಿ ಅರೆಯಬೇಕು, ತೆಳುವಾದ ಬಟ್ಟೆಗೆ ಸವರಿ ಬತ್ತಿಯಾಗಿ ಹೊಸೆಯಬೇಕು, ಹರಳೆಣ್ಣೆಯ ದೀಪದಲ್ಲಿಟ್ಟು ಹೊತ್ತಿಸಿ, ಮೇಲೆ ಹೊಸ ಮಡಕೆಯನ್ನು ಕವುಚಬೇಕು. ಮಡಕೆಯ ಒಳಮೈಗೆ ಕಟ್ಟಿದ ಕಾಡಿಗೆಯನ್ನು ಕೆರೆದು ನೀರಿನಲ್ಲೋ ಬಾಣಂತಿಯ ಎದೆಹಾಲಿನಲ್ಲೋ ಕಲಸಬೇಕು. ಮನೆಯಲ್ಲಿ ಮಗುವಿನ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ತೋರುವುದಿಲ್ಲ. ಕಣ್ಣಿನ ಕಾಡಿಗೆಯೂ ಕೈಯ ಹಚ್ಚೆಯೂ ಒಂದೇ ದೀಪದ ಮಕ್ಕಳು.

ಬಟ್ಟೆ ಹೊಲಿಯುವ ನಾಲ್ಕೈದು ಸೂಜಿಗಳನ್ನು ಮೊನೆ ಸಮನಾಗಿರುವಂತೆ ಜೋಡಿಸಿ ದಾರದಿಂದ ಬಿಗಿದು ಕಟ್ಟಿದರೆ ಸಾಧನ ಮುಗಿಯಿತು. ಆ ದಾರಕ್ಕೆ ಎರಡು ಕೆಲಸ. ಒಂದು, ಸೂಜಿಗಳನ್ನು ಹಿಡಿದಿಡುವುದು. ಇನ್ನೊಂದು, ಸೂಜಿಗಳ ನಡುವಿನ ಸಂದಿನಲ್ಲಿ ನಿಂತ ಮಸಿ ಒಮ್ಮೆಗೇ ಸುರಿದುಹೋಗದಂತೆ ತಡೆಯುವುದು. ಮೊಂಡು ಕಡ್ಡಿಯಿಂದ ಮಸಿಯ ಚಿತ್ರವನ್ನು ಮೊದಲು ಕೈಯ ಮೇಲೆ ಬರೆದುಕೊಂಡು, ಆ ಜಾಡಿನಲ್ಲಿ ಚುಚ್ಚುತ್ತಾ ಹೋಗುವುದು. ನೋವು ಮರೆಯಲೆಂದು ಹಾಡು. ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ಅರಿಸಿನ ಬಳಿಯುವುದು. ಇಂದು ಬೆಂಗಳೂರಿನ ಹಚ್ಚೆಯಂಗಡಿಗೆ ಹೋಗಿ ‘ಐದರ ರೌಂಡ್ ಲೈನರ್’ ಕೊಡಿ ಎಂದರೆ, ಕಾರ್ಖಾನೆಯಲ್ಲಿ ಬೆಸುಗೆ ಹಾಕಿ, ಕ್ರಿಮಿಶುದ್ಧ ಮಾಡಿ, ಪೊಟ್ಟಣ ಕಟ್ಟಿದ ಐದು ಸೂಜಿಗಳ ಗೊಂಚಲನ್ನು ತೆಗೆದುಕೊಡುತ್ತಾರೆ. ಅದರ ಜೋಡಣೆ ಕೊರವಂಜಿಯ ಜೋಡಣೆಯೇ. ಬೆಸುಗೆಯ ಜಾಗದಲ್ಲಿ ಆಕೆಗೆ ದಾರವಿತ್ತು, ಅಷ್ಟೆ.

ನಮ್ಮ ಹಚ್ಚೆಯಲ್ಲಿ ಗೆರೆಯುಂಟು, ಚುಕ್ಕಿಯುಂಟು, ನೆರಳಿಲ್ಲ. ಸೀತೆಯ ಸೆರಗು, ತೊಟ್ಟಿಲು, ಚೇಳು, ತುಳಸಿಕಟ್ಟೆ, ಹಣೆಯ ಬೊಟ್ಟು, ಏನಿದ್ದರೂ ಮೈಯೆಲ್ಲ ಗೆರೆಯೇ. ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನಾನು ಹಾಗೆ ಎಣಿಸಲಾರೆ. ಮೊದಲನೆಯದಾಗಿ, ಹೊಸಿಲಿನ ಮುಂದೆ ದಿನವೂ ಚುಕ್ಕಿಯಿಟ್ಟು ಎಳೆ ಎಳೆಯುವ ಕೈಗಳಿಗೆ ಒಪ್ಪುವ ಚಿತ್ರ ಇದೇ. ಎರಡನೆಯದಾಗಿ, ಕಂದು ಮೈಬಣ್ಣದ ಮೇಲೆ ತಿಳಿಯಾದ ಬೂದು ನೆರಳನ್ನು ಹಾಕಿದರೆ ಗಾಯ ಮಾಗಿದ ಮೇಲೆ ಅದು ಮೈಬಣ್ಣದೊಳಗೇ ಕರಗಿಹೋಗುತ್ತದೆ. ದಪ್ಪ ಗೆರೆ ಮತ್ತು ನಡುವೆ ಬಿಟ್ಟ ಬರಿ ಚರ್ಮ ಇವೆರಡೇ ಕಾಲಕ್ಕೆ ತಡೆಯುವವು. ಕಪ್ಪು ಮೈಯ ಗಿರಾಕಿಗೆ ಬಯಲು ಹೆಚ್ಚು ಬಿಡಿ, ಗೆರೆ ದಪ್ಪ ಮಾಡಿ ಎಂದು ಇಂದಿನ ಹಚ್ಚೆಗಾರರಿಗೂ ಕಲಿಸುತ್ತಾರೆ. ಬುಟ್ಟಿ ಹೊತ್ತ ಹೆಂಗಸಿಗೆ ಅದು ತಿಳಿದೇ ಇತ್ತು.

ಆ ಹೆಂಗಸಿಗೆ ಸಂದ ಮರ್ಯಾದೆ ಏನು? ಅದೊಂದು ಕಹಿಯಾದ ಅಧ್ಯಾಯ. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನನ್ನು ಮಾಡಿತು. 1911ರ ಹೊಸ ಕಾನೂನಿನ ಮೂಲಕ ಅದು ಮದರಾಸು ಪ್ರಾಂತಕ್ಕೂ ಬಂದಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಕೊರವರ ಅನೇಕ ಪಂಗಡಗಳು ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿದವರು ಬೆರಳಚ್ಚು ಕೊಡಬೇಕು, ಠಾಣೆಗೆ ಹಾಜರಿ ಹಾಕಬೇಕು, ಊರು ಬಿಡಲು ಅಪ್ಪಣೆ ಪಡೆಯಬೇಕು. ಊರೂರು ತಿರುಗುವುದೇ ಬದುಕಾಗಿದ್ದ ಜನಕ್ಕೆ ತಿರುಗುವುದೇ ತಪ್ಪಾಯಿತು. ಹುಟ್ಟಿದ ಜಾತಿಯನ್ನೇ ಅಪರಾಧವೆಂದ ಈ ಕಾನೂನು ಕೊನೆಗೆ ರದ್ದಾಗಿ, ಪಟ್ಟಿಯಲ್ಲಿದ್ದವರು ಬಿಡುಗಡೆ ಹೊಂದಿದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ರಂದು. ಅಷ್ಟರಲ್ಲಿ ಒಂದೆರಡು ತಲೆಮಾರು ಕಳೆದಿತ್ತು. ಶಾಲೆ ಕಲಿತ ಹೆಣ್ಣುಮಕ್ಕಳು ಹಚ್ಚೆಯನ್ನು ಹಳ್ಳಿಗಾಡಿನ ಗುರುತೆಂದು ಬಿಟ್ಟದ್ದೂ ಆಗಲೇ. ಗಿರಾಕಿಯೂ ಹೋಯಿತು, ದಾರಿಯೂ ಹೋಯಿತು. ಒಂದು ವಿದ್ಯೆ ಬಡವಾಗುವುದಕ್ಕೆ ಇನ್ನೇನು ಬೇಕು?

ಸರ್ಕಾರಕ್ಕೆ ಹಚ್ಚೆಯ ಉಪಯೋಗ ತಿಳಿಯದೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಬಂಗಾಳದಲ್ಲಿ 1797ರ ನಿಬಂಧನೆಯಂತೆ ಜೀವಾವಧಿ ಶಿಕ್ಷೆಯ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಬರೆಯುತ್ತಿದ್ದರು. ಉತ್ತರದಲ್ಲಿ ಅದಕ್ಕೆ ಗೋದನಾ ಎಂದು ಹೆಸರು. ಹೆಣ್ಣುಮಕ್ಕಳ ಅಲಂಕಾರಕ್ಕೂ ಅದೇ ಹೆಸರು! ಈ ಪದ್ಧತಿ 1849ರಲ್ಲಿ ನಿಂತಿತು.

ಜಪಾನಿನಲ್ಲಿಯೂ ಇದೇ ಜೋಡಿ ಇತಿಹಾಸ. ಅಲ್ಲಿ 1720ರಲ್ಲಿ ಕಿವಿ ಮೂಗು ಕೊಯ್ಯುವ ಶಿಕ್ಷೆಗೆ ಬದಲಾಗಿ ಕೆಲವು ಅಪರಾಧಿಗಳ ಕೈಗೆ ಹಚ್ಚೆಯ ಪಟ್ಟೆ ಹಾಕುವ ಶಿಕ್ಷೆ ಬಂದಿತು. ಅದೇ ದೇಶದಲ್ಲಿ, ಅದೇ ಶತಮಾನದ ಕೊನೆಗೆ ಮತ್ತು ಮುಂದಿನ ಶತಮಾನದಲ್ಲಿ, ಬೆನ್ನು ತೋಳು ತೊಡೆಗಳನ್ನೆಲ್ಲ ಒಂದೇ ಚಿತ್ರವಾಗಿ ಮಾಡುವ ಅದ್ಭುತವಾದ ಕಲೆ ಬೆಳೆಯಿತು. 1827ರಿಂದ ಕುನಿಯೋಷಿ ಎಂಬ ಚಿತ್ರಕಾರ ಒಂದು ಚೀನೀ ಸಾಹಸ ಕಥೆಯ ವೀರರನ್ನು, ಮೈತುಂಬ ಹಚ್ಚೆ ಹಾಕಿಸಿಕೊಂಡವರನ್ನಾಗಿ, ಮರದ ಅಚ್ಚಿನಲ್ಲಿ ಚಿತ್ರಿಸಿದ. ಎಡೋ ನಗರದ ಬೆಂಕಿ ಆರಿಸುವವರು, ಹೊರೆಯಾಳುಗಳು, ಬಡಗಿಗಳು ಆ ಚಿತ್ರಗಳನ್ನು ತಮ್ಮ ಬೆನ್ನಿಗೆ ತಂದುಕೊಂಡರು. ಜಪಾನೀ ಭಾಷೆಯಲ್ಲಿ ಹಚ್ಚೆ ಹಾಕುವುದಕ್ಕೂ ಮರ ಕೆತ್ತುವುದಕ್ಕೂ ‘ಹೊರು’ ಎಂಬುದೇ ಕ್ರಿಯಾಪದ. ಅಲ್ಲಿನ ಹಚ್ಚೆಗಾರರು ತಮ್ಮ ಹೆಸರಿನ ಮೊದಲಿಗೆ ‘ಹೊರಿ’ ಎಂದು ಇಟ್ಟುಕೊಳ್ಳುವುದು ಇದರಿಂದಲೇ.

ನೆರಳು ಎಂಬುದು ಹಚ್ಚೆಯಲ್ಲಿ ಸ್ವತಂತ್ರ ವಿದ್ಯೆಯಾಗಿ ಬೆಳೆದದ್ದು ಅಲ್ಲಿ. ಅವರ ಕೆಲಸದಲ್ಲಿ ಎರಡು ಘಟ್ಟ. ಮೊದಲನೆಯದು ‘ಸುಜಿಬೊರಿ’, ಎಂದರೆ ಗೆರೆಯ ಕೆಲಸ. ಕೆಲವೇ ಸೂಜಿಗಳ ಸಣ್ಣ ಗೊಂಚಲಿನಿಂದ ಚಿತ್ರದ ಅಂಚನ್ನೆಲ್ಲ ಮೊದಲು ಮುಗಿಸಬೇಕು. ಎರಡನೆಯದು ‘ಬೊಕಾಷಿ’, ಕಡುಗಪ್ಪಿನಿಂದ ಬೂದುಬಣ್ಣಕ್ಕೆ, ಬೂದಿನಿಂದ ಬರಿ ಚರ್ಮಕ್ಕೆ ಗೊತ್ತೇ ಆಗದಂತೆ ಇಳಿದು ಬರುವ ನೆರಳು. ಈ ಮಾತೂ ಮರದಚ್ಚಿನ ಚಿತ್ರಕಾರರಿಂದಲೇ ಬಂದದ್ದು. ಹಲಗೆಯ ಮೇಲೆ ಬಣ್ಣವನ್ನು ಒರೆಸಿ ಆಕಾಶವನ್ನು ಕ್ರಮೇಣ ತಿಳಿಯಾಗಿಸುವುದಕ್ಕೆ ಅವರು ಹಾಗೆನ್ನುತ್ತಿದ್ದರು. ಬೊಕಾಷಿಯ ಸಾಧನದಲ್ಲಿ ಸೂಜಿಗಳು ಸಾಲುಸಾಲಾಗಿ, ಹಲವು ಬಾರಿ ಒಂದರ ಮೇಲೊಂದು ಸಾಲಾಗಿ, ಬಿದಿರಿನ ಕೋಲಿನ ತುದಿಗೆ ರೇಷ್ಮೆ ದಾರದಿಂದ ಕಟ್ಟಿರುತ್ತವೆ. ಹಚ್ಚೆಗಾರ ಎಡಗೈಯಿಂದ ಚರ್ಮವನ್ನು ಬಿಗಿ ಹಿಡಿದು, ಎಡ ಹೆಬ್ಬೆರಳನ್ನೇ ಆನಿಕೆಯಾಗಿ ಮಾಡಿಕೊಂಡು, ಕೋಲನ್ನು ಅದರ ಮೇಲೆ ಜಾರಿಸುತ್ತಾ ಓರೆಯಾಗಿ ಚುಚ್ಚುತ್ತಾನೆ. ಮಸಿಯ ಕುಂಚವನ್ನು ಅದೇ ಎಡಗೈಯ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾನೆ! ಸೂಜಿಯನ್ನು ಹೊರತೆಗೆಯುವಾಗ ಮೊನೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಚಿಮ್ಮಿಸುತ್ತಾನೆ. ಆ ಚಿಮ್ಮಿಕೆಯಿಂದ ಶಬ್ದವೂ ಹುಟ್ಟುತ್ತದೆ, ನೆರಳೂ ಹುಟ್ಟುತ್ತದೆ.

ಮೇಜಿ ಸರ್ಕಾರ 1872ರಲ್ಲಿ ಹಚ್ಚೆಯನ್ನು ನಿಷೇಧಿಸಿತು. ಪಾಶ್ಚಾತ್ಯರು ನಮ್ಮನ್ನು ಅನಾಗರಿಕರೆಂದಾರು ಎಂಬ ಅಂಜಿಕೆಯೇ ಕಾರಣ. ಪರಿಣಾಮವೋ ವಿಚಿತ್ರ. ರೇವುಪಟ್ಟಣಗಳಿಗೆ ಬಂದ ಆ ಪಾಶ್ಚಾತ್ಯರೇ ಜಪಾನೀ ಹಚ್ಚೆಗಾಗಿ ಸಾಲುಗಟ್ಟಿ ನಿಂತರು. ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಯಾದ ರಾಜಕುಮಾರ 1881ರಲ್ಲಿ ನೌಕಾದಳದ ತರುಣನಾಗಿ ಅಲ್ಲಿಗೆ ಹೋದಾಗ ತೋಳಿನ ಮೇಲೆ ಡ್ರ್ಯಾಗನ್ ಹಾಕಿಸಿಕೊಂಡು ಬಂದ. 1911ರಲ್ಲಿ ದೆಹಲಿಯ ದರ್ಬಾರಿನಲ್ಲಿ ನಮ್ಮ ಅರಸರೆಲ್ಲ ತಲೆಬಾಗಿದ್ದು, ಅಂಗಿಯ ತೋಳಿನೊಳಗೆ ಹಚ್ಚೆಯಿದ್ದ ಆ ಚಕ್ರವರ್ತಿಗೇ. ಕೊರವರನ್ನು ಪಟ್ಟಿಗೆ ಸೇರಿಸಿದ ಕಾನೂನು ಹೊರಟದ್ದೂ ಅದೇ ವರ್ಷ.

ಇನ್ನು ಯಂತ್ರದ ಕಥೆ. ಇದರ ಆರಂಭ ಹಚ್ಚೆಯಲ್ಲಿಲ್ಲ. ಒಂದು ಕಡೆ ಹಲ್ಲಿನ ವೈದ್ಯದಲ್ಲಿ, ಇನ್ನೊಂದು ಕಡೆ ಗುಮಾಸ್ತರ ಮೇಜಿನ ಮೇಲೆ. ಫಿಲಡೆಲ್ಫಿಯದ ದಂತವೈದ್ಯ ವಿಲಿಯಂ ಬಾನ್ವಿಲ್ ಎಂಬಾತ, ಹುಳುಕು ಹಲ್ಲಿಗೆ ಚಿನ್ನವನ್ನು ತುಂಬಿ ಬಡಿಯಲು ವಿದ್ಯುತ್ತಿನಿಂದ ನಡೆಯುವ ಪುಟ್ಟ ಸುತ್ತಿಗೆಯನ್ನು 1870ರ ದಶಕದಲ್ಲಿ ಮಾಡಿದ್ದ. ಅದೇ ದಶಕದಲ್ಲಿ ಥಾಮಸ್ ಎಡಿಸನ್ ‘ವಿದ್ಯುತ್ ಲೇಖನಿ’ಯನ್ನು ರೂಪಿಸಿದ, ಪೇಟೆಂಟು ದೊರೆತದ್ದು 1876ರಲ್ಲಿ. ಲೇಖನಿಯ ತಲೆಯ ಮೇಲೆ ಪುಟ್ಟ ಮೋಟಾರು, ಪಕ್ಕದಲ್ಲಿ ಜಾಡಿಯ ಬ್ಯಾಟರಿ. ಬರೆಯುತ್ತಾ ಹೋದಂತೆ ಒಂದು ಸೂಜಿ ಸೆಕೆಂಡಿಗೆ ಸುಮಾರು 50 ಸಲ ಕಾಗದವನ್ನು ತೂತು ಮಾಡುತ್ತಿತ್ತು. ತೂತಾದ ಕಾಗದದ ಮೇಲೆ ಶಾಯಿಯ ಉರುಳೆ ಆಡಿಸಿದರೆ ಕೆಳಗಿನ ಹಾಳೆಯ ಮೇಲೆ ಪ್ರತಿ ಮೂಡುತ್ತದೆ. ಕಚೇರಿಗಳಲ್ಲಿ ಸೈಕ್ಲೋಸ್ಟೈಲ್ ಮಾಡಿ ಕೈ ಕಪ್ಪು ಮಾಡಿಕೊಂಡವರಿಗೆ ಇದರ ವಂಶಾವಳಿ ಬಿಡಿಸಿ ಹೇಳಬೇಕಾಗಿಲ್ಲ. ಎಡಿಸನ್ನನ ಎಡಗೈಯ ಮೇಲೆ ಐದು ಚುಕ್ಕೆಗಳ ಹಚ್ಚೆಯಿತ್ತೆಂದು ಅವನ 1911ರ ವಿಮೆಯ ಕಾಗದದಿಂದ ತಿಳಿಯುತ್ತದೆ. ಆದರೂ ಆ ಲೇಖನಿ ಚರ್ಮದ ಮೇಲೂ ಬರೆದೀತೆಂದು ಪೇಟೆಂಟು ಮಾಡಿಸಿದವನು ಬೇರೊಬ್ಬ.

ಆತ ನ್ಯೂಯಾರ್ಕಿನ ಸ್ಯಾಮ್ಯುಅಲ್ ಓರೈಲಿ. ಚಾಥಮ್ ಚೌಕದ ಹಚ್ಚೆಗಾರ. ಎಡಿಸನ್ನನ ಲೇಖನಿಯನ್ನು ಮಾರ್ಪಡಿಸಿ, ಮಸಿ ನಿಲ್ಲುವ ಕೊಳವೆಯನ್ನು ಸೇರಿಸಿ, 1891ರ ಡಿಸೆಂಬರ್ 8ರಂದು ಹಚ್ಚೆಯಂತ್ರದ ಪೇಟೆಂಟು ಪಡೆದ. ಲಂಡನ್ನಿನ ಜರ್ಮಿನ್ ಬೀದಿಯಲ್ಲಿ ಸ್ನಾನಗೃಹವೊಂದರ ಮೇಲೆ ಅಂಗಡಿಯಿಟ್ಟಿದ್ದ ಸದರ್‌ಲ್ಯಾಂಡ್ ಮೆಕ್‌ಡೊನಾಲ್ಡ್ 1894ರಲ್ಲಿ ತನ್ನದೇ ಯಂತ್ರಕ್ಕೆ ಬ್ರಿಟನ್ನಿನ ಪೇಟೆಂಟು ಪಡೆದ. ನ್ಯೂಯಾರ್ಕಿನ ಚಾರ್ಲಿ ವ್ಯಾಗ್ನರ್ 1904ರಲ್ಲಿ ಎರಡು ವಿದ್ಯುತ್ಕಾಂತಗಳನ್ನು ನೆಟ್ಟಗೆ ನಿಲ್ಲಿಸಿದ ಯಂತ್ರಕ್ಕೆ ಪೇಟೆಂಟು ಪಡೆದ. ಮುಂದೆ ಬಹುಕಾಲ ಹಚ್ಚೆಯಂಗಡಿಗಳಲ್ಲಿ ಗುಂಯ್‌ಗುಟ್ಟಿದ್ದು ಆ ಮಾದರಿಯ ಸಂತತಿ.

ಅದರ ಒಳಗುಟ್ಟು ನಮ್ಮ ಮನೆಬಾಗಿಲಲ್ಲೇ ಇದೆ. ಹಳೆಯ ಕಾಲಿಂಗ್ ಬೆಲ್ಲನ್ನು ಬಿಚ್ಚಿ ನೋಡಿದವರಿಗೆ ತಿಳಿದಿರಬಹುದು. ಗುಂಡಿ ಒತ್ತಿದೊಡನೆ ಸುರುಳಿಯಲ್ಲಿ ವಿದ್ಯುತ್ತು ಹರಿದು ಅದು ಅಯಸ್ಕಾಂತವಾಗುತ್ತದೆ, ಕಬ್ಬಿಣದ ಪಟ್ಟಿಯನ್ನು ತನ್ನೆಡೆಗೆ ಎಳೆಯುತ್ತದೆ, ಪಟ್ಟಿ ಸರಿದೊಡನೆ ಸಂಪರ್ಕ ತಪ್ಪಿ ವಿದ್ಯುತ್ತು ನಿಲ್ಲುತ್ತದೆ, ಅಯಸ್ಕಾಂತ ಸಾಯುತ್ತದೆ, ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಒದೆಯುತ್ತದೆ, ಮತ್ತೆ ಸಂಪರ್ಕ, ಮತ್ತೆ ಎಳೆತ. ಬೆಲ್ಲಿನಲ್ಲಿ ಆ ಪಟ್ಟಿ ಗಂಟೆಗೆ ಬಡಿಯುತ್ತದೆ, ಹಚ್ಚೆಯಂತ್ರದಲ್ಲಿ ಸೂಜಿಯನ್ನು ಒತ್ತುತ್ತದೆ. ಸೆಕೆಂಡಿಗೆ ನೂರರ ಆಸುಪಾಸು ಏಟು. ರೇಡಿಯೋ ಹಾಕಿಕೊಂಡು ಕುಳಿತಾಗ ಯಾರಾದರೂ ಅಂಥ ಬೆಲ್ಲು ಒತ್ತಿದರೆ ಹಾಡಿನ ನಡುವೆ ಚರಚರ ಸದ್ದು ಕೇಳುತ್ತದಲ್ಲ, ಅದು ಸಂಪರ್ಕ ತಪ್ಪಿದಾಗಲೆಲ್ಲ ಹಾರುವ ಕಿಡಿಯ ಕೂಗು. ಆ ಕಿಡಿ ತುದಿಯನ್ನು ಸುಟ್ಟು ಸವೆಸುತ್ತದೆ. ಆದ್ದರಿಂದ ಹಚ್ಚೆಯಂತ್ರಕ್ಕೊಂದು ಕಂಡೆನ್ಸರನ್ನು ಸೇರಿಸಿ ಕಿಡಿಯನ್ನು ಹೀರಿಸುತ್ತಾರೆ.

ಗೆರೆಯ ಯಂತ್ರವೂ ನೆರಳಿನ ಯಂತ್ರವೂ ಬೇರೆಯಾಗುವುದು ಇಲ್ಲಿಯೇ. ಗೆರೆಯೆಂದರೆ ಒಂದೇ ಓಟ. ಕೈ ಹರಿದಂತೆ ಸೂಜಿಯ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಬರಬೇಕು. ಅದಕ್ಕೆ ಬೇಗ ಬಡಿಯುವ ಯಂತ್ರ ಬೇಕು. ನೆರಳಿಗೆ ಅವಸರವಿಲ್ಲ, ಅಲ್ಲಿ ಏಟು ನಿಧಾನ, ತೂಕ ಹೆಚ್ಚು. ಗೆರೆಯ ಯಂತ್ರಕ್ಕೆ ಸಾಮಾನ್ಯವಾಗಿ 22 ಮೈಕ್ರೋಫ್ಯಾರಡಿನ ಕಂಡೆನ್ಸರ್, ನೆರಳಿನದಕ್ಕೆ 47ರದು. ಸ್ಪ್ರಿಂಗಿನ ಬಿಗಿ, ಪಟ್ಟಿಯ ತೂಕ, ಸಂಪರ್ಕದ ತಿರುಪಿನ ಅಂತರ ಎಲ್ಲವನ್ನೂ ವೀಣೆಯ ತಂತಿ ಶ್ರುತಿ ಮಾಡುವಂತೆ ಕಿವಿಯಿಂದಲೇ ಸರಿಮಾಡಿಕೊಳ್ಳುವ ಹಳೆಯ ಕಸುಬುದಾರರಿದ್ದಾರೆ.

ಸೂಜಿಗಳಲ್ಲಿಯೂ ಇದೇ ಭೇದ. ಗೆರೆಗೆ ದುಂಡಾದ, ಮೊನೆಗಳೆಲ್ಲ ಒಂದೆಡೆ ಕೂಡುವ ಬಿಗಿ ಗೊಂಚಲು. ನೆರಳಿಗೆ ಸಡಿಲವಾದ ಗೊಂಚಲು, ಅಥವಾ ಜಪಾನಿನ ಬಿದಿರುಕೋಲಿನ ನೆನಪು ತರುವಂತೆ ಒಂದು ಸಾಲಿನ ಸಂದಿನಲ್ಲಿ ಮತ್ತೊಂದು ಸಾಲು ಕುಳಿತ ಚಪ್ಪಟೆ ಜೋಡಣೆ. ಇದಕ್ಕೆ ಮ್ಯಾಗ್ನಂ ಎನ್ನುತ್ತಾರೆ. ಗೆರೆ ಎಳೆಯುವಾಗ ಸೂಜಿ ಹೆಚ್ಚು ಕಡಿಮೆ ನೆಟ್ಟಗಿರುತ್ತದೆ, ನೆರಳಿಗೆ ಓರೆಯಾಗಿ ಮಲಗುತ್ತದೆ.

ನೆರಳು ಹಾಕುವ ಬಗೆಗಳು ಮೂರು ನಾಲ್ಕು ಇವೆ. ಮಸಿಗೆ ನೀರು ಬೆರೆಸಿ ಕಡುಗಪ್ಪು, ನಡುಬೂದು, ತಿಳಿಬೂದು ಎಂದು ಸಾಲು ಬಟ್ಟಲುಗಳನ್ನಿಟ್ಟುಕೊಳ್ಳುವುದೊಂದು. ಜಲವರ್ಣದ ಚಿತ್ರಕಾರನ ಉಪಾಯ. ಕಡುಗಪ್ಪಿನಲ್ಲೇ ಕೆಲಸ ಮಾಡಿ, ಕೈಯನ್ನು ಚಾಟಿಯಂತೆ ಬೀಸಿ, ಬೀಸಿನ ಕೊನೆಗೆ ಸೂಜಿಯನ್ನು ಮೇಲೆತ್ತುವುದು ಇನ್ನೊಂದು. ಬೀಸಿನ ಆರಂಭದಲ್ಲಿ ಚುಕ್ಕಿಗಳು ಒತ್ತಾಗಿ ಆಳವಾಗಿ ಬೀಳುತ್ತವೆ, ಕೊನೆಯಲ್ಲಿ ವಿರಳವಾಗಿ ತೇಲಿ ಬೀಳುತ್ತವೆ. ಬರಿಯ ಚುಕ್ಕಿಗಳನ್ನೇ ಒಂದೊಂದಾಗಿ ಇಟ್ಟು, ಒತ್ತು ಮತ್ತು ವಿರಳದಿಂದಲೇ ನೆರಳನ್ನು ಹುಟ್ಟಿಸುವುದು ಮತ್ತೊಂದು. ಪತ್ರಿಕೆಯಲ್ಲಿ ಅಚ್ಚಾದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಣುವುದೂ ಇದೇ ತಂತ್ರ. ನನಗೆ ಈ ಕೊನೆಯದೇ ಹೆಚ್ಚು ಮೆಚ್ಚಿಕೆ. ಯಂತ್ರವಿಲ್ಲದ ಕೈಗೂ ಅದು ಒಲಿಯುತ್ತದೆ.

ಈಚಿನ ವರ್ಷಗಳಲ್ಲಿ ಆ ಗುಂಯ್‌ಗುಡುವ ಯಂತ್ರವೂ ಹಿಂದೆ ಸರಿಯುತ್ತಿದೆ. ಈಗಿನದು ಪುಟ್ಟ ಮೋಟಾರು ಒಳಗಿರುವ, ದಪ್ಪ ಪೆನ್ನಿನಂಥ ಸಾಧನ. ಒಂದೂಕಾಲು ಶತಮಾನ ಸುತ್ತಿ ಬಂದು ಮತ್ತೆ ಎಡಿಸನ್ನನ ಲೇಖನಿಯ ಆಕಾರಕ್ಕೇ ನಿಂತಿತು ಎನ್ನಬೇಕು. ಸೂಜಿಗಳು ಪ್ಲಾಸ್ಟಿಕ್ಕಿನ ತೊಟ್ಟಿನಲ್ಲಿ ಬರುತ್ತವೆ. ಗೆರೆ ಮುಗಿದ ಮೇಲೆ ತೊಟ್ಟು ತೆಗೆದೆಸೆದು ನೆರಳಿನ ತೊಟ್ಟು ಹಾಕಿದರಾಯಿತು. ಒಂದೇ ಯಂತ್ರ ಎರಡೂ ಕೆಲಸ ಮಾಡುತ್ತದೆ.

ತೆಗೆದೆಸೆಯುವ ಮಾತು ಬಂತು. ಇದು ಸಣ್ಣ ಮಾತಲ್ಲ. ಸೂಜಿಯ ಸಂದಿನಲ್ಲಿ ಮಸಿ ನಿಲ್ಲುವಂತೆಯೇ ರಕ್ತವೂ ನಿಲ್ಲುತ್ತದೆ. ಕಾಮಾಲೆ ಹರಡುತ್ತಿದೆಯೆಂದು ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆಯನ್ನೇ ನಿಷೇಧಿಸಿತು; ಓರೈಲಿ, ವ್ಯಾಗ್ನರರು ಯಂತ್ರವನ್ನು ಬೆಳೆಸಿದ ಊರಿನಲ್ಲಿ ಹಚ್ಚೆ ಮತ್ತೆ ಕಾನೂನುಬದ್ಧವಾದದ್ದು 1997ರಲ್ಲಿ. ಜಪಾನಿನಲ್ಲಿ ಹಳೆಯ ನಿಷೇಧ 1948ರಲ್ಲಿಯೇ ಹೋಗಿದ್ದರೂ, ಸೂಜಿ ಚುಚ್ಚುವುದು ವೈದ್ಯರ ಕೆಲಸವೆಂಬ ತಕರಾರು ಉಳಿದಿತ್ತು. ಹಚ್ಚೆಗಾರನಿಗೆ ವೈದ್ಯನ ಪರವಾನಗಿ ಬೇಕಾಗಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ್ದು 2020ರಲ್ಲಿ.

ನಮ್ಮ ಜಾತ್ರೆಗಳಲ್ಲಿ ಚಾಪೆ ಹಾಸಿ, ಬಟ್ಟೆಯ ಮೇಲೆ ಚಿತ್ರಗಳನ್ನು ಹರಡಿ, ಬ್ಯಾಟರಿ ಯಂತ್ರದಿಂದ ಹಚ್ಚೆ ಹಾಕುವವರನ್ನು ಯಾರು ನೋಡಿಲ್ಲ? ದಿನವಿಡೀ ಹತ್ತಾರು ಕೈಗಳಿಗೆ ಒಂದೇ ಸೂಜಿ ಓಡುವುದುಂಟು. ಕಾಮಾಲೆಯ ಮತ್ತು ಏಡ್ಸಿನ ರೋಗಾಣುಗಳಿಗೆ ಅಷ್ಟೇ ದಾರಿ ಸಾಕು. ಅವರನ್ನು ಅಟ್ಟಿಬಿಡಿ ಎನ್ನುವುದು ಸುಲಭ. ತಿರುಗುವವರನ್ನು ಅಟ್ಟುವ ಉಪಾಯವನ್ನು ನಮ್ಮ ದೇಶ ಒಮ್ಮೆ ಮಾಡಿ ನೋಡಿದೆ. ಹೊಸ ಸೂಜಿಯ ಪೊಟ್ಟಣವನ್ನು ಗಿರಾಕಿಯ ಕಣ್ಣೆದುರಿಗೇ ಒಡೆಯಬೇಕು, ಮಸಿಯ ಬಟ್ಟಲು ಒಬ್ಬರಿಗೆ ಒಂದು, ಕೈಗೆ ಹೊಸ ರಬ್ಬರಿನ ಕೈಚೀಲ. ಇಷ್ಟಕ್ಕೆ ತಗಲುವ ಹೆಚ್ಚಿನ ಕಾಸನ್ನು ಕೊಡಲು ಹಚ್ಚೆ ಹಾಕಿಸಿಕೊಳ್ಳುವವರು ಒಪ್ಪಿದರೆ ಚಾಪೆಯ ಮೇಲಿನವರೂ ಒಪ್ಪುತ್ತಾರೆ. ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷದವರೆಗೆ ರಕ್ತದಾನ ತೆಗೆದುಕೊಳ್ಳಬಾರದೆಂದು ನಮ್ಮ ದೇಶದ ರಕ್ತನಿಧಿಗಳಿಗೆ 2017ರಲ್ಲಿ ಕೊಟ್ಟ ಮಾರ್ಗಸೂಚಿ ಹೇಳುತ್ತದೆ. ಸೂಜಿ ಜಾತ್ರೆಯದೋ ಅಂಗಡಿಯದೋ ಎಂದು ಅದು ಕೇಳುವುದಿಲ್ಲ.